ಕೂಸಿಗೆ ನಾವೇ ಫಾರಿನ್

ನಮ್ಮ ಮನೆಯ ಬೀರುವಿನಲ್ಲಿ ಒಂದು ನೀಲಿ ಫೈಲಿದೆ. ಎಷ್ಟು ದಪ್ಪ ಅಂದರೆ, ಅದಕ್ಕೆ ಹಾಕಿದ ರಬ್ಬರ್ ಬ್ಯಾಂಡ್ ಎರಡು ಸಲ ಕಿತ್ತುಹೋಗಿ ಈಗ ಲಾಡಿ ಕಟ್ಟಿದ್ದೇವೆ. ಮದುವೆಯ ಸರ್ಟಿಫಿಕೇಟು, ಸಂಬಳದ ಚೀಟಿ, ಡಾಕ್ಟರ ಪತ್ರ, ಪೊಲೀಸರ ಪತ್ರ, ಮನೆಯ ಫೋಟೋಗಳು. ಒಂದೊಂದಕ್ಕೂ ನೋಟರಿ, ನೋಟರಿಯ ಮೇಲೆ ಇನ್ನೊಂದು ಸೀಲು. ಫೈಲಿನ ರಟ್ಟಿನ ಮೇಲೆ ಇಲ್ಲಿಯ ಏಜೆನ್ಸಿಯವರು 2019ರಲ್ಲಿ ಒಂದು ಚೀಟಿ ಅಂಟಿಸಿಕೊಟ್ಟಿದ್ದರು: ವಿದೇಶಿ ದತ್ತು, ಮಗುವಿನ ದೇಶ ಇಂಡಿಯಾ.

ಅದನ್ನು ಓದಿ ನಾವಿಬ್ಬರೂ ಪಾರ್ಕಿಂಗ್ ಲಾಟಿನಲ್ಲಿ ನಿಂತು ನಕ್ಕಿದ್ದೆವು. ನಾನು ಚನ್ನರಾಯಪಟ್ಟಣದವನು, ನನ್ನ ಹೆಂಡತಿ ಮೈಸೂರಿನವಳು. ಇರೋದು ನಾರ್ತ್ ಕ್ಯಾರೊಲೈನಾದ ಕ್ಯಾರಿ ಎಂಬ ಊರಿನಲ್ಲಿ, ನಿಜ. ಆದರೆ ತಿಂಡಿಗೆ ಉಪ್ಪಿಟ್ಟು, ಜಗಳ ಕನ್ನಡದಲ್ಲಿ, ಕನಸೂ ಕನ್ನಡದಲ್ಲಿ. ನಮ್ಮೂರಿನ ಮಗುವನ್ನು ನಾವು ತರೋದು ವಿದೇಶಿ ದತ್ತು ಹೇಗಾಗುತ್ತೆ? "ನಮಗೆ ಇದೆಲ್ಲ ಬರೀ ಪೇಪರ್ ಮೇಲೆ," ಅಂದಿದ್ದೆ ನಾನು. ಅಷ್ಟು ದೊಡ್ಡ ದಡ್ಡತನದ ಮಾತನ್ನು ನಾನು ಬೇರೆ ಯಾವತ್ತೂ ಆಡಿದ ನೆನಪಿಲ್ಲ.

ನಾವು ಯಾಕೆ ದತ್ತು ತೆಗೆದುಕೊಂಡೆವು ಅನ್ನೋದನ್ನು ಇಲ್ಲಿ ಬರೆಯುತ್ತಿಲ್ಲ. ಆಸ್ಪತ್ರೆಗಳು, ಇಂಜೆಕ್ಷನ್‌ಗಳು, ಮೂರು ಸಲ ಆಸೆ ಹುಟ್ಟಿ ಮೂರು ಸಲ ಮುರಿದದ್ದು, ಇವೆಲ್ಲ ಬಹಳ ಜನಕ್ಕೆ ಗೊತ್ತಿರುವ ಕಥೆ. ಮಗಳ ಹೆಸರನ್ನೂ ಬರೆಯುವುದಿಲ್ಲ. ಅವಳು ಬಂದ ಊರಿನ ಹೆಸರನ್ನೂ ಬರೆಯುವುದಿಲ್ಲ. ಅದು ಅವಳ ಕಥೆ, ದೊಡ್ಡವಳಾದ ಮೇಲೆ ಹೇಳಬೇಕು ಅನ್ನಿಸಿದರೆ ಅವಳೇ ಹೇಳಲಿ. ಇಲ್ಲಿ ಅವಳನ್ನು ಕೂಸು ಅಂತ ಕರೆಯುತ್ತೇನೆ. ಆ ಪದವನ್ನೂ ನಾವು ಆರಿಸಿದ್ದಲ್ಲ. ಅದು ಅವಳ ಜೊತೆಗೇ ಬಂತು.

ಮೊದಲು ಕಾಗದದ ಮಾತು ಮುಗಿಸಿಬಿಡುತ್ತೇನೆ. ನನಗೆ ಮೇಲ್ ಮಾಡಿ ಕೇಳುವವರು ಜಾಸ್ತಿ ಕೇಳೋದು ಇದನ್ನೇ.

ಅಮೆರಿಕದಲ್ಲಿದ್ದು ಭಾರತದಿಂದ ಈ ದಾರಿಯಲ್ಲಿ ಮಗುವನ್ನು ತರಬೇಕಾದರೆ ಗಂಡ ಹೆಂಡತಿಯಲ್ಲಿ ಒಬ್ಬರಾದರೂ ಅಮೆರಿಕದ ಸಿಟಿಜನ್ ಆಗಿರಬೇಕು. ಗ್ರೀನ್ ಕಾರ್ಡ್ ಸಾಲದು. ಎಚ್-1ಬಿ ಮೇಲಿರುವ ಗೆಳೆಯರು ಇದನ್ನು ಕೇಳಿ ಸುಮ್ಮನಾಗಿಬಿಡುತ್ತಾರೆ. ನಮ್ಮಲ್ಲಿ ನನ್ನ ಹೆಂಡತಿ 2018ರಲ್ಲಿ ಸಿಟಿಜನ್ ಆಗಿದ್ದಳು. ನಾನು ಭಾರತದ ಪಾಸ್‌ಪೋರ್ಟ್ ಬಿಡಲು ಮನಸ್ಸು ಮಾಡಿರಲಿಲ್ಲ, ಇನ್ನೂ ಮಾಡಿಲ್ಲ. ಭಾರತದ ಕಡೆ ಎಲ್ಲವೂ ದೆಹಲಿಯ ಕಾರಾ ಮೂಲಕ, ಅಂದರೆ ಕೇಂದ್ರ ದತ್ತು ಸಂಪನ್ಮೂಲ ಪ್ರಾಧಿಕಾರ. ಅವರ ಕೇರಿಂಗ್ಸ್ ಪೋರ್ಟಲ್‌ನಲ್ಲಿ ಹೆಸರು ನೋಂದಾಯಿಸಿ ಸರದಿಯಲ್ಲಿ ನಿಲ್ಲಬೇಕು. ಅಲ್ಲಿ ಇಬ್ಬರ ವಯಸ್ಸನ್ನೂ ಕೂಡಿಸಿ ನೋಡುತ್ತಾರೆ, ಜಾತಕದಲ್ಲಿ ಗುಣ ಕೂಡಿಸಿದ ಹಾಗೆ. ನಾವು ಅರ್ಜಿ ಹಾಕಿದಾಗ ನಾಲ್ಕು ವರ್ಷದೊಳಗಿನ ಮಗುವಿಗೆ ದಂಪತಿಯ ವಯಸ್ಸಿನ ಮೊತ್ತ 90 ದಾಟಬಾರದು ಅಂತಿತ್ತು. 2022ರ ಹೊಸ ನಿಯಮದಲ್ಲಿ ಎರಡು ವರ್ಷದೊಳಗಿನ ಮಗುವಿಗೆ ಅದು 85ಕ್ಕೆ ಇಳಿದಿದೆ. ಮಗು ಇರುವ ಸಂಸ್ಥೆಗೆ ಕೊಡಬೇಕಾದದ್ದು 5,000 ಡಾಲರ್. ಉಳಿದ ಖರ್ಚು ಇಲ್ಲಿಯ ಏಜೆನ್ಸಿ, ಫೀಸು, ವಿಮಾನ. ಒಟ್ಟು ಎಷ್ಟಾಯಿತು ಅಂತ ನನ್ನ ಹೆಂಡತಿ ಒಂದು ಎಕ್ಸೆಲ್‌ನಲ್ಲಿ ಬರೆದಿಟ್ಟಿದ್ದಳು. ಕೂಸು ಬಂದ ಮಾರನೇ ವಾರ ಆ ಫೈಲನ್ನು ಅಳಿಸಿಹಾಕಿದಳು. ಮಗಳ ಹೆಸರಿನ ಪಕ್ಕ ಮೊತ್ತ ಇರಬಾರದು ಅಂತ.

ಇಷ್ಟೊಂದು ಸೀಲು ಯಾಕೆ ಅಂತ ನಾನು ಗೊಣಗದ ದಿನ ಇರಲಿಲ್ಲ. ಒಂದು ರಾತ್ರಿ ಸುಮ್ನೆ ಅದರ ಇತಿಹಾಸ ಓದುತ್ತಾ ಕೂತೆ. 1982ರಲ್ಲಿ ಲಕ್ಷ್ಮೀಕಾಂತ ಪಾಂಡೆ ಎಂಬ ವಕೀಲರು ಸುಪ್ರೀಂ ಕೋರ್ಟಿಗೆ ಒಂದು ಪತ್ರ ಬರೆದರು. ನಮ್ಮ ಮಕ್ಕಳನ್ನು ವಿದೇಶಕ್ಕೆ ಕೊಡುವ ಹೆಸರಿನಲ್ಲಿ ಅಕ್ರಮ ನಡೆಯುತ್ತಿದೆ ಅಂತ. ಕೋರ್ಟು ಆ ಪತ್ರವನ್ನೇ ಅರ್ಜಿ ಅಂತ ತೆಗೆದುಕೊಂಡಿತು. 1984ರಲ್ಲಿ ನ್ಯಾಯಮೂರ್ತಿ ಪಿ. ಎನ್. ಭಗವತಿಯವರ ತೀರ್ಪು ಬಂತು: ಮೊದಲು ದೇಶದೊಳಗೇ ಮನೆ ಹುಡುಕಿ, ಸಿಗದಿದ್ದರೆ ಮಾತ್ರ ಹೊರಗೆ ಕಳಿಸಿ, ಅದಕ್ಕೂ ಇಂತಿಂಥ ಕಾಗದ ಇರಲೇಬೇಕು. ಕಾರಾ ಹುಟ್ಟಿದ್ದು ಆ ಮೇಲೆ, 1990ರಲ್ಲಿ. ಆಮೇಲೆ ದೇಶದಿಂದ ದೇಶಕ್ಕೆ ದತ್ತು ಕೊಡುವ ಬಗ್ಗೆ 1993ರ ಹೇಗ್ ಒಪ್ಪಂದ ಬಂತು, ಭಾರತ ಅದನ್ನು 2003ರಲ್ಲಿ ಒಪ್ಪಿಕೊಂಡಿತು. ಈಗ ವಿದೇಶಕ್ಕೆ ಹೋಗುವ ಮಕ್ಕಳ ಸಂಖ್ಯೆ ದೊಡ್ಡದೇನಲ್ಲ. 2021-22ರಲ್ಲಿ ದೇಶದೊಳಗೆ 2,991 ಮಕ್ಕಳು ದತ್ತು ಹೋದರೆ ಹೊರಗೆ ಹೋದವರು 414. ಓದಿ ಮುಗಿಸಿದ ಮೇಲೆ ಗೊಣಗಾಟ ನಿಂತಿತು ಅಂತ ಹೇಳಿದರೆ ಸುಳ್ಳಾಗುತ್ತದೆ. ಮೆತ್ತಗಾಯಿತು, ಅಷ್ಟೇ.

ಅಮೆರಿಕದ ಕಾನೂನಿನ ಪ್ರಕಾರ ಅಪ್ಪ ಅಮ್ಮ ಆಗುವವರು ಕಡೇಪಕ್ಷ ಹತ್ತು ಗಂಟೆ ಟ್ರೈನಿಂಗ್ ತೆಗೆದುಕೊಳ್ಳಬೇಕು. ಒಂದು ಶನಿವಾರ ನಾವು ಹೋಗಿ ಕೂತೆವು. ನಮ್ಮ ಜೊತೆ ಕೊಲಂಬಿಯಾದಿಂದ ಮಗು ತರಲಿದ್ದ ಒಂದು ಬಿಳಿಯರ ದಂಪತಿ ಇದ್ದರು. ಪಾಪ, ಆಕೆ ಸ್ಪ್ಯಾನಿಷ್ ಕಲಿಯುತ್ತಿದ್ದಳು. ಪಾಠ ಹೇಳಿದವರು ಅರವತ್ತು ದಾಟಿದ ಒಬ್ಬ ಸೋಷಿಯಲ್ ವರ್ಕರ್. ಅವರು ಹೇಳಿದ್ದು ಇಷ್ಟು: ಮಗು ನಿಮ್ಮ ಮನೆಗೆ ಬರುವ ದಿನ ನಿಮಗೆ ಹಬ್ಬ, ಮಗುವಿಗೆ ಸಾವಿನ ಮನೆ. ಅದಕ್ಕೆ ಗೊತ್ತಿದ್ದ ವಾಸನೆ, ರುಚಿ, ಸದ್ದು, ಮಾತು ಎಲ್ಲ ಒಂದೇ ದಿನದಲ್ಲಿ ಹೋಗಿಬಿಡುತ್ತೆ.

ನಾವು ತಲೆಯಾಡಿಸಿದೆವು. ಮನಸ್ಸಿನಲ್ಲಿ ಮಾತ್ರ, ಇದು ಆ ಕೊಲಂಬಿಯಾದವರಿಗೆ ಹೇಳಿದ ಮಾತು ಅಂದುಕೊಂಡೆವು. ನಮ್ಮದು ಅದೇ ಬಣ್ಣ, ಅದೇ ಅನ್ನ. ಕರ್ನಾಟಕದ ಮಗುವೇ ಸಿಕ್ಕಿದರಂತೂ ಅದೇ ಭಾಷೆ. ವಾಪಸ್ ಬರುವಾಗ ಕಾರಿನಲ್ಲಿ, "ನಾವು ಅರ್ಧ ಪರೀಕ್ಷೆ ಆಗಲೇ ಪಾಸು," ಅಂದೆ. ಅವಳು ಏನೂ ಹೇಳಲಿಲ್ಲ. ಇಂಥ ಹೊತ್ತಿನಲ್ಲಿ ಅವಳು ಸುಮ್ಮನಿರೋದೇ ಉತ್ತರ ಅಂತ ಮದುವೆಯಾಗಿ ಇಷ್ಟು ವರ್ಷವಾದರೂ ನನಗೆ ತಡವಾಗಿಯೇ ಹೊಳೆಯುತ್ತದೆ.

ಊರಿಗೆ ಫೋನ್ ಮಾಡಿ ಹೇಳಿದಾಗ ಅಮ್ಮ ಕೇಳಿದ ಮೊದಲ ಪ್ರಶ್ನೆ, "ಯಾವ ಜಾತಿ ಅಂತ ಗೊತ್ತಾಗುತ್ತೇನೋ?" ನಾನು ಫೋನ್ ಇಟ್ಟುಬಿಟ್ಟೆ. ಎಂಟು ದಿನ ಮಾತಾಡಲಿಲ್ಲ. ಒಂಬತ್ತನೇ ದಿನ ಅವಳೇ ಫೋನ್ ಮಾಡಿ, ಆ ವಿಷಯ ಎತ್ತದೆ, "ಮಗೂಗೆ ಬೆಳ್ಳಿ ಉಡಿದಾರ ಮಾಡ್ಸಕ್ಕೆ ಹಾಕಿದೀನಿ, ಅಳತೆ ಯಾವಾಗ ಗೊತ್ತಾಗುತ್ತೆ?" ಅಂದಳು. ನಮ್ಮ ಮನೆಯಲ್ಲಿ ತಪ್ಪಾಯಿತು ಅನ್ನೋದನ್ನು ಹೀಗೆಯೇ ಹೇಳೋದು. ಆ ಉಡಿದಾರ ಎರಡೂವರೆ ವರ್ಷ ಡಬ್ಬಿಯಲ್ಲೇ ಇತ್ತು. ಕೊರೊನಾ ಬಂತು, ಇಲ್ಲಿಯ ಇಮಿಗ್ರೇಷನ್ ಆಫೀಸುಗಳು 2020ರ ಮಾರ್ಚಿನಲ್ಲಿ ಬಾಗಿಲು ಹಾಕಿದವು. ಕೊಟ್ಟ ಬೆರಳಚ್ಚಿನ ಅವಧಿ ಮುಗಿಯಿತು, ಮತ್ತೆ ಕೊಟ್ಟೆವು. ಹೋಮ್ ಸ್ಟಡಿ, ಅಂದರೆ ನಮ್ಮ ಮನೆ ಮತ್ತು ನಮ್ಮನ್ನು ನೋಡಿ ಬರೆದ ವರದಿ, ಹಳೆಯದಾಯಿತು, ಮತ್ತೆ ಮಾಡಿಸಿದೆವು. ಆ ಎರಡು ವರ್ಷದ ಬಗ್ಗೆ ಬರೆಯಲು ನನಗೆ ಏನೂ ಇಲ್ಲ.

2022ರ ಮಾರ್ಚಿನಲ್ಲಿ ಒಂದು ಬೆಳಿಗ್ಗೆ ಪೋರ್ಟಲ್‌ನಲ್ಲಿ ಫೋಟೋ ಬಂತು. ಒಪ್ಪಿ ಕಾಯ್ದಿರಿಸಲು 96 ಗಂಟೆ. ನಮಗೆ ಬೇಕಾದದ್ದು ಒಂದು ನಿಮಿಷ. ಆದರೂ ಏಜೆನ್ಸಿಯವರು ಹೇಳಿದ ಹಾಗೆ ವೈದ್ಯಕೀಯ ವರದಿಯನ್ನು ಮಕ್ಕಳ ಡಾಕ್ಟರಿಗೆ ಕಳಿಸಿದೆವು. ಒಂಬತ್ತು ತಿಂಗಳ ಹೆಣ್ಣುಮಗು, ತೂಕ ಆರೂವರೆ ಕೆಜಿ. ಕೆನ್ನೆ ಮೇಲೆ ಕಾಡಿಗೆಯ ದೊಡ್ಡ ಬೊಟ್ಟು. ಯಾರೋ ದೃಷ್ಟಿಯಾಗಬಾರದು ಅಂತ ಇಟ್ಟಿದ್ದಾರೆ ಅಂದರೆ ಮಗುವನ್ನು ಮುದ್ದು ಮಾಡುವವರು ಅಲ್ಲಿ ಇದ್ದಾರೆ ಅಂತ ತಾನೇ? ನನ್ನ ಹೆಂಡತಿ ಮೊದಲು ಅತ್ತದ್ದು ಆ ಬೊಟ್ಟು ನೋಡಿ.

ಮಗುವಿನ ವರದಿಯ ಮೂರನೇ ಪುಟದಲ್ಲಿ ಅಭ್ಯಾಸಗಳು ಅಂತ ಒಂದು ಕಾಲಂ. ಅದರಲ್ಲಿ ಒಂದು ಸಾಲು: ಮಗು ಆಯಾಳ ಸೆರಗು ಹಿಡಿದುಕೊಂಡು ಮಲಗುತ್ತದೆ. ಆ ಸಾಲನ್ನು ಎಷ್ಟು ಸಲ ಓದಿದೆವೋ ಲೆಕ್ಕವಿಲ್ಲ. ನನ್ನ ಹೆಂಡತಿಯ ಬಳಿ ಇದ್ದದ್ದು ನಾಲ್ಕು ಸೀರೆ, ನಾಲ್ಕೂ ರೇಷ್ಮೆ. ಇಂಡಿಯನ್ ಅಂಗಡಿಗೆ ಹೋಗಿ ಎರಡು ಕಾಟನ್ ಸೀರೆ ತಂದಳು.

ಕಾಗದಗಳ ನಡುವೆ ಒಂದು ಪೇಪರ್ ಕಟಿಂಗ್ ಇತ್ತು. ಪೋಷಕರಿಲ್ಲದೆ ಸಿಕ್ಕ ಮಗುವಿನ ಫೋಟೋ ಮತ್ತು ವಿವರವನ್ನು ಪತ್ರಿಕೆಯಲ್ಲಿ ಹಾಕಿಸಬೇಕು ಅಂತ ನಿಯಮವಿದೆ. ಯಾರಾದರೂ ಹಕ್ಕುದಾರರು ಇದ್ದರೆ ಬರಲಿ ಅಂತ. ಯಾರೂ ಬರದಿದ್ದರೆ, ಎರಡು ವರ್ಷದೊಳಗಿನ ಮಗುವಾದರೆ ಎರಡು ತಿಂಗಳಲ್ಲಿ, ಮಕ್ಕಳ ಕಲ್ಯಾಣ ಸಮಿತಿ ಮಗು ದತ್ತುವಿಗೆ ಮುಕ್ತ ಅಂತ ಘೋಷಿಸುತ್ತದೆ. ಟೆಂಡರ್ ಜಾಹೀರಾತು, ಹೆಸರು ಬದಲಾವಣೆ ಪ್ರಕಟಣೆಗಳ ನಡುವೆ ಅಂಚೆಚೀಟಿಯಷ್ಟು ಫೋಟೋ. ಮೈಬಣ್ಣ ಗೋಧಿ, ಹಳದಿ ಅಂಗಿ, ಸಂಬಂಧಪಟ್ಟವರು ಸಂಪರ್ಕಿಸಿ. ಊರಲ್ಲಿದ್ದಾಗ ಇಂಥ ಪ್ರಕಟಣೆಗಳನ್ನು ನಾನು ಎಷ್ಟೋ ನೋಡಿದ್ದೇನೆ. ನೋಡಿ ಕ್ರೀಡಾ ಪುಟಕ್ಕೆ ಹೋಗಿದ್ದೇನೆ. ನಮಗೆ ಮಗಳು ಸಿಕ್ಕಿದ್ದು ಆ ನಂಬರಿಗೆ ಯಾರೂ ಫೋನ್ ಮಾಡದೇ ಇದ್ದದ್ದಕ್ಕೆ. ಇದನ್ನು ಅವಳಿಗೆ ಯಾವ ವಯಸ್ಸಿನಲ್ಲಿ, ಯಾವ ಮಾತಿನಲ್ಲಿ ಹೇಳಬೇಕು ಅಂತ ನಾವು ಈಗಲೂ ರಾತ್ರಿ ಮಾತಾಡಿಕೊಳ್ಳುತ್ತೇವೆ. ಹದಿನೆಂಟು ತುಂಬಿದ ಮೇಲೆ ತನ್ನ ಮೂಲ ಹುಡುಕಲು ಅವಳೇ ಅರ್ಜಿ ಹಾಕಬಹುದು. ಆ ಕಟಿಂಗನ್ನು ಲ್ಯಾಮಿನೇಟ್ ಮಾಡಿಸಿ ಇಟ್ಟಿದ್ದೇವೆ.

ಒಪ್ಪಿದ ಮೇಲೂ ಒಂಬತ್ತು ತಿಂಗಳು ಹಿಡಿಯಿತು. (ಹೌದು, ಸರಿಯಾಗಿ ಒಂಬತ್ತು. ಎಲ್ಲರೂ ಅದೇ ಜೋಕು ಮಾಡಿದರು.) ಇಲ್ಲಿಯ ಒಪ್ಪಿಗೆ, ಅಲ್ಲಿಯ ಎನ್‌ಒಸಿ. ಕೋರ್ಟಿಗೆ ಹೋಗಬೇಕು ಅನ್ನುವಷ್ಟರಲ್ಲಿ ಕಾನೂನೇ ಬದಲಾಯಿತು. 2022ರ ಸೆಪ್ಟೆಂಬರ್ 1ರಿಂದ ದತ್ತು ಆದೇಶ ಕೊಡೋದು ನ್ಯಾಯಾಧೀಶರಲ್ಲ, ಜಿಲ್ಲಾಧಿಕಾರಿ. ಡಿಸಿ ಆಫೀಸಿನಲ್ಲಿ ಕೆಲವರಿಗೆ ಇದು ಹೊಸದು. ಪಹಣಿ, ಬರ ಪರಿಹಾರ, ಗಣಿ, ಅವುಗಳ ನಡುವೆ ಈಗ ನಮ್ಮ ಕೂಸು. ಕೊನೆಗೂ ಆದೇಶ ಬಂತು, ಜನನ ಪ್ರಮಾಣಪತ್ರ ಬಂತು, ಪಾಸ್‌ಪೋರ್ಟ್ ಬಂತು. ಡಿಸೆಂಬರಿನಲ್ಲಿ ನಾವು ಬೆಂಗಳೂರಿಗೆ ಹೋಗಿ, ಅಲ್ಲಿಂದ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿದೆವು.

ನಾಚಿಕೆಯಿಂದ ಹೇಳುತ್ತೇನೆ, ನಲವತ್ತೊಂದು ವರ್ಷದ ನಾನು ಅಲ್ಲಿಯವರೆಗೆ ಕಲಬುರಗಿ ನೋಡಿರಲಿಲ್ಲ. ಪ್ಯಾರಿಸ್ ನೋಡಿದ್ದೆ. ಬೆಳಿಗ್ಗೆ ಇಳಿದಾಗ ಚಳಿ ಇತ್ತು. ಸ್ಟೇಷನ್ ಹೊರಗೆ ಸುಸಲಾ, ಮಿರ್ಚಿ ತಿಂದೆವು. ಅಂಗಡಿಯವರು, "ಯಾವ ಕಡಿಯವರ್ರಿ ನೀವು?" ಅಂತ ಕೇಳಿದರು. ಚನ್ನರಾಯಪಟ್ಟಣ ಅಂದೆ. "ಬೆಂಗಳೂರ್ ಕಡಿ ಅನ್ರಿ," ಅಂದು ನಕ್ಕರು. ಅಲ್ಲಿಂದ ಕಾರಿನಲ್ಲಿ ತೊಗರಿ ಹೊಲಗಳ ನಡುವೆ ಒಂದೂವರೆ ಗಂಟೆ.

ಸಂಸ್ಥೆಯ ಒಳಗೆ ಫಿನಾಯಿಲ್ ಮತ್ತು ಹಾಲಿನ ವಾಸನೆ. ಗೋಡೆಯುದ್ದಕ್ಕೂ ಕಬ್ಬಿಣದ ತೊಟ್ಟಿಲು. ನಾವು ಹೋದ ಕೂಡಲೇ ಒಬ್ಬಾಕೆ ಒಳಗೆ ಕೂಗಿ ಹೇಳಿದರು: "ಕೂಸಿನ ಫಾರಿನ್‌ದವರು ಬಂದಾರ." ನಾನು ಹಿಂದೆ ತಿರುಗಿ ನೋಡಿದೆ, ಬೇರೆ ಯಾರೋ ಬಂದಿರಬೇಕು ಅಂತ.

ಆಯಾ ಕೂಸನ್ನು ಎತ್ತಿಕೊಂಡು ಬಂದರು. ಐವತ್ತರ ಹತ್ತಿರದ ಹೆಂಗಸು, ಹಸಿರು ಇಳಕಲ್ ಸೀರೆ, ಅವತ್ತಿಗೇ ಅಂತ ಉಟ್ಟದ್ದು. ಕೂಸಿನ ಕೈ ಸೆರಗಿನಲ್ಲೇ ಇತ್ತು. ನಾವು ಒಂದು ಗಂಟೆ ಚಾಪೆ ಮೇಲೆ ಕೂತೆವು. ಚೆಂಡು ಉರುಳಿಸಿದೆವು. ಅವಳು ಚೆಂಡನ್ನು ನೋಡಿದಳು, ನಮ್ಮನ್ನು ನೋಡಲಿಲ್ಲ. ಆಯಾ ಒಂದೊಂದೇ ಹೇಳುತ್ತಾ ಹೋದರು: "ಸಣ್ಣಾಕಿ ಇದ್ದಾಗಿಂದ ನನ್ನ ಬಲ್ಲೇ ಮಲಗ್ತಾಳ್ರಿ. ಅಳ್ಲತ್ತಾಳ ಅಂದ್ರ ಹೆದರಬ್ಯಾಡ್ರಿ, ಬೆನ್ನ ಮ್ಯಾಲ ಹಿಂಗ ತಟ್ರಿ. ಬ್ಯಾಳಿ ಅನ್ನ ಉಣ್ತಾಳ. ರೊಟ್ಟಿ ಹಾಲಾಗ ನೆನಸಿ ಕೊಡ್ರಿ, ಭಾಳ ಸೇರ್ತದ. ಶಾಣ್ಯಾ ಕೂಸದ್ರಿ ಇದು." ನನ್ನ ಹೆಂಡತಿ ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ತಟ್ಟುವ ಲಯವನ್ನು ಹೇಗೆ ಬರೆಯೋದು? ಎರಡು ಮೆಲ್ಲಗೆ, ಒಂದು ಜೋರು, ಒಂದು ಬಿಡುವು. ಅವಳು ಚುಕ್ಕಿ ಗೀಟು ಹಾಕಿ ಬರೆದಿದ್ದಾಳೆ, ತಂತಿ ಸಂದೇಶದ ಹಾಗೆ.

ಕೊನೆಗೆ ಆಯಾ ಸೆರಗನ್ನು ಆ ಪುಟ್ಟ ಮುಷ್ಟಿಯಿಂದ ಬಿಡಿಸಿದರು. ಬೆರಳು ಬೆರಳಾಗಿ. ಒಂದು ಸಣ್ಣ ಕೌದಿಯಲ್ಲಿ ಕೂಸನ್ನು ಸುತ್ತಿ ನಮ್ಮ ಕೈಗೆ ಕೊಟ್ಟು, ಒಳಗೆ ಹೋಗಿಬಿಟ್ಟರು. ಮತ್ತೆ ಹೊರಗೆ ಬರಲಿಲ್ಲ. ಕೂಸು ಅಳುತ್ತದೆ ಅಂತ ನಾವು ತಯಾರಾಗಿದ್ದೆವು. ಅವಳು ಅಳಲಿಲ್ಲ. ಕಾರಿನಲ್ಲಿ, ರೈಲಿನಲ್ಲಿ, ಬೆಂಗಳೂರಿನ ವಿಜಯನಗರದ ಭಾವಮೈದುನನ ಮನೆ ತಲುಪುವವರೆಗೂ ಒಂದು ಸದ್ದಿಲ್ಲ. ಕಣ್ಣು ತೆರೆದೇ ಇತ್ತು. ಅಳುವ ಮಗುವನ್ನು ಸಮಾಧಾನ ಮಾಡಬಹುದು. ಸುಮ್ಮನಿರುವ ಮಗುವಿನ ಮುಂದೆ ಏನು ಮಾಡಬೇಕು ಅಂತ ಆ ಹತ್ತು ಗಂಟೆಯ ಟ್ರೈನಿಂಗಿನಲ್ಲಿ ಹೇಳಿಕೊಟ್ಟಿದ್ದರೂ ಇರಬಹುದು. ನಾವು ಆಗ ಪಾಸಾದ ಖುಷಿಯಲ್ಲಿದ್ದೆವು.

ವಿಜಯನಗರದಲ್ಲಿ ಅಮ್ಮ ಬಂದು ಕಾದಿದ್ದಳು. ಉಡಿದಾರ, ಆರತಿ ತಟ್ಟೆ, ಒಂದು ಕೆಜಿ ರಾಗಿ ಸರಿ ಹಿಟ್ಟು. ರಾಗಿಯನ್ನು ನೆನೆಸಿ, ಮೊಳಕೆ ಬರಿಸಿ, ಹುರಿದು, ಬೀಸಿ, ವಸ್ತ್ರಗಾಳಿ ಮಾಡಿ ತಂದದ್ದು. ಕೂಸು ಒಂದು ಚಮಚ ಬಾಯಿಗೆ ತೆಗೆದುಕೊಂಡು ಪೂರಾ ಉಗಿದಳು. ಎರಡನೇ ಚಮಚಕ್ಕೆ ಕೈಯಿಂದ ತಳ್ಳಿ ಒಂದು ಶಬ್ದ ಮಾಡಿದಳು. "ಒಯ್ಯೆ." ನಮಗೆ ಅರ್ಥವಾಗಲಿಲ್ಲ. ಹದಿನೆಂಟು ತಿಂಗಳ ಮಗು ಏನೋ ತೊದಲುತ್ತದೆ ಅಂದುಕೊಂಡೆವು.

ಮೂರನೇ ದಿನ ಅನಾಹುತವಾಯಿತು. ಕೌದಿ ಕೊಳೆಯಾಗಿದೆ ಅಂತ ಅಮ್ಮ ಅದನ್ನು ಬಿಸಿನೀರಿಗೆ ಸರ್ಫ್ ಹಾಕಿ ನೆನೆಸಿ, ಬ್ರಷ್ ಹಾಕಿ ಉಜ್ಜಿ, ಕಂಫರ್ಟ್ ಹಾಕಿ ಒಣಗಿಸಿದಳು. ಪಾಪ, ಅವಳ ಲೆಕ್ಕದಲ್ಲಿ ಸೇವೆ. ರಾತ್ರಿ ಕೂಸಿಗೆ ಹೊದಿಸಿದೆವು. ಅವಳು ಕೌದಿಯ ಒಂದು ಮೂಲೆಯನ್ನು ಮೂಗಿನ ಹತ್ತಿರ ಹಿಡಿದಳು. ಬಿಟ್ಟಳು. ಇನ್ನೊಂದು ಮೂಲೆ ಹಿಡಿದಳು. ನಾಲ್ಕೂ ಮೂಲೆ ಮೂಸಿ ನೋಡಿದಳು. ಆಮೇಲೆ ಶುರುವಾಯಿತು ಅಳು. ಮೂರು ದಿನದ ಸಾಲ ಎಲ್ಲ ಸೇರಿಸಿ ಅತ್ತಳು. ರಾತ್ರಿ ಎರಡು ಗಂಟೆಯಾದರೂ ನಿಲ್ಲಲಿಲ್ಲ. ಅಮ್ಮ ಬಾಗಿಲ ಹತ್ತಿರ ನಿಂತು, "ನಾನೇ ಕೆಡಿಸಿದೆ, ನಾನೇ ಕೆಡಿಸಿದೆ," ಅಂತ ಅವಳೂ ಅಳುತ್ತಿದ್ದಳು.

ನನ್ನ ಹತ್ತಿರ ಕೂಸು ಬರುತ್ತಲೇ ಇರಲಿಲ್ಲ. ಸಂಸ್ಥೆಯಲ್ಲಿ ಇದ್ದವರೆಲ್ಲ ಹೆಂಗಸರು. ಗಡ್ಡ ಇರುವ ಮುಖ, ದಪ್ಪ ದನಿ ಅವಳಿಗೆ ಗೊತ್ತೇ ಇಲ್ಲ. ನಾನು ಕೋಣೆಗೆ ಬಂದರೆ ಬೆನ್ನು ತಿರುಗಿಸುತ್ತಿದ್ದಳು. ಅವತ್ತು ರಾತ್ರಿ ಬೇರೆ ದಾರಿ ಕಾಣದೆ ಆ ನೋಟ್‌ಬುಕ್ ತೆಗೆದುಕೊಂಡೆ. ಲೈಟ್ ಆರಿಸಿ, ಮುಖ ಕಾಣದ ಹಾಗೆ ಹಿಂದೆ ಕೂತು, ಚುಕ್ಕಿ ಗೀಟಿನ ಪ್ರಕಾರ ಬೆನ್ನು ತಟ್ಟಿದೆ. ಎರಡು ಮೆಲ್ಲಗೆ, ಒಂದು ಜೋರು, ಒಂದು ಬಿಡುವು. ಬಾಯಲ್ಲಿ, ಆಯಾ ಹೇಳಿದ ಹಾಗೆಯೇ, "ಅಳಬ್ಯಾಡ ಯವ್ವಾ, ಅಳಬ್ಯಾಡ." ನನ್ನ ಹಾಸನದ ಬಾಯಲ್ಲಿ ಆ ಮಾತು ನಾಟಕದ ಹಾಗೆ ಕೇಳಿಸಿರಬೇಕು. ಬೇರೆ ದಿನವಾಗಿದ್ದರೆ ಹೆಂಡತಿ ನಗುತ್ತಿದ್ದಳು. ಕೂಸು ಒಂದು ಕ್ಷಣ ಅಳು ನಿಲ್ಲಿಸಿ ಕೇಳಿಸಿಕೊಂಡಳು. ಮತ್ತೆ ಅತ್ತಳು, ಆದರೆ ಸಣ್ಣಗೆ. ಸುಮಾರು ಅರ್ಧ ಗಂಟೆಯ ಮೇಲೆ ನಿದ್ದೆ ಹೋದಳು.

ನನಗೆ ನಿದ್ದೆ ಬರಲಿಲ್ಲ. ಆ ಸೋಷಿಯಲ್ ವರ್ಕರ್ ಹೇಳಿದ ಪಟ್ಟಿ ನೆನಪಾಗುತ್ತಿತ್ತು. ವಾಸನೆ, ರುಚಿ, ಸದ್ದು, ಮಾತು. ನಾವು ಒಂದನ್ನೂ ಬಿಟ್ಟಿರಲಿಲ್ಲ. ಅವಳಿಗೆ ಕ್ಯಾರಿ ಅಲ್ಲ ಫಾರಿನ್. ವಿಜಯನಗರವೇ ಫಾರಿನ್. ರಾಗಿ ಸರಿ ಫಾರಿನ್, "ಅಳಬೇಡ ಪುಟ್ಟಾ" ಅನ್ನೋದು ಫಾರಿನ್. ಬಾಗಿಲಲ್ಲಿ ಕೂಗಿದ ಆ ಹೆಂಗಸು ಸರಿಯಾಗಿಯೇ ಕೂಗಿದ್ದರು.

ಮಾರನೇ ದಿನ ಸಂಸ್ಥೆಗೆ ಫೋನ್ ಮಾಡಿ, ಅವರ ಒಪ್ಪಿಗೆ ಕೇಳಿ, ಆಯಾ ಜೊತೆ ಮಾತಾಡಿದೆ. ರಾಗಿ ಉಗಿಯುತ್ತಾಳೆ, ಒಯ್ಯೆ ಒಯ್ಯೆ ಅಂತಾಳೆ ಅಂದೆ. ಆಯಾ ಜೋರಾಗಿ ನಕ್ಕರು. "ಒಲ್ಲೆ ಅನ್ಲತ್ತಾಳ್ರಿ ಸಾಹೇಬ್ರ. ನಂಗ್ ಬ್ಯಾಡ ಅಂತ." ಅಷ್ಟೇ. ನಮ್ಮ ಮಗಳು ಮೂರು ದಿನದಿಂದ ಶುದ್ಧ ಕನ್ನಡದಲ್ಲಿ ಒಲ್ಲೆ ಒಲ್ಲೆ ಅನ್ನುತ್ತಿದ್ದಾಳೆ, ಕನ್ನಡ ಬರುತ್ತೆ ಅಂತ ಬೀಗಿದ್ದ ಮೂವರು ದೊಡ್ಡವರಿಗೆ ಅರ್ಥವಾಗಿಲ್ಲ. ಅಮ್ಮ ಅವತ್ತೇ ಮಾರ್ಕೆಟ್ಟಿಗೆ ಹೋಗಿ ಜೋಳದ ಹಿಟ್ಟು ತಂದಳು. ಅವಳಿಗೆ ರೊಟ್ಟಿ ತಟ್ಟಲು ಬಾರದು, ಭೂಪಟದ ಹಾಗೆ ಹರಿದವು. ಹರಿದರೇನು, ಹಾಲಿನಲ್ಲಿ ನೆನೆಸೋದು ತಾನೇ. ಕೂಸು ಬಟ್ಟಲು ಖಾಲಿ ಮಾಡಿದಳು.

ಆಮೇಲೆ ದೆಹಲಿ. ವೀಸಾಕ್ಕೆ ಡಾಕ್ಟರ ತಪಾಸಣೆ, ಸಂದರ್ಶನ, ಕಾಯೋದು. ಹೊರಡುವ ಹೊತ್ತಿಗೆ ಜನವರಿ. ಅಮೆರಿಕದಲ್ಲಿ ವಿಮಾನ ಇಳಿದು ಇಮಿಗ್ರೇಷನ್ ಕೌಂಟರಿನಲ್ಲಿ ನಿಂತೆವು. 2000ದ ಒಂದು ಕಾನೂನಿನ ಪ್ರಕಾರ, ಹೀಗೆ ದತ್ತು ಬಂದ ಮಗು ಆ ಗೆರೆ ದಾಟಿದ ಕ್ಷಣದಿಂದಲೇ ಅಮೆರಿಕದ ಪ್ರಜೆ. (ಆ ಕಾನೂನು ಜಾರಿಗೆ ಬಂದ ದಿನಕ್ಕೆ ಹದಿನೆಂಟು ದಾಟಿದ್ದವರಿಗೆ ಇದು ಸಿಗಲಿಲ್ಲ. ಕೆಲವರನ್ನು ಅವರಿಗೆ ಭಾಷೆಯೂ ಗೊತ್ತಿಲ್ಲದ ಹುಟ್ಟಿದ ದೇಶಕ್ಕೆ ವಾಪಸ್ ಕಳಿಸಿದ್ದೂ ಇದೆ. ಈ ಕಥೆ ಓದಿದ ಮೇಲೆ ನನ್ನ ಹೆಂಡತಿ ಕೂಸಿನ ಸಿಟಿಜನ್‌ಶಿಪ್ ಪತ್ರವನ್ನು ಬ್ಯಾಂಕ್ ಲಾಕರಿನಲ್ಲಿ ಇಟ್ಟಳು.) ಆಫೀಸರ್ ಠಪ್ ಅಂತ ಸೀಲು ಹೊಡೆದರು. ಈಗ ಮನೆಯಲ್ಲಿ ಇಬ್ಬರು ಅಮೆರಿಕದವರು, ನಾನೊಬ್ಬ ಫಾರಿನರ್. ಇನ್ನೂ ವಿಚಿತ್ರ ಅಂದರೆ, ತೊಗರಿ ಹೊಲಗಳ ನಡುವೆ ಹುಟ್ಟಿದ ನನ್ನ ಮಗಳು ಇನ್ನು ಕಲಬುರಗಿಗೆ ಹೋಗಬೇಕಾದರೆ ವೀಸಾ ಬೇಕು, ಇಲ್ಲವೇ ಒಸಿಐ, ಅಂದರೆ ಸಾಗರೋತ್ತರ ಭಾರತೀಯರ ಕಾರ್ಡು. ಆ ಊರನ್ನು ನಲವತ್ತು ವರ್ಷ ನೋಡದೇ ಇದ್ದ ನಾನು ಮಾತ್ರ ಯಾವಾಗ ಬೇಕಾದರೂ ಹೋಗಿ ಇಳಿಯಬಹುದು.

ಇಲ್ಲಿಯ ಜನ ಬಂದು ನೋಡಿದರು. ಪುಣ್ಯ ಕಟ್ಟಿಕೊಂಡಿರಿ ಅಂದರು. ಆ ಮಾತು ನನಗೆ ಸೇರೋದಿಲ್ಲ. ಮಗು ಬೇಕಾಗಿದ್ದದ್ದು ನಮಗೆ, ಇದರಲ್ಲಿ ಪುಣ್ಯ ಎಲ್ಲಿಂದ ಬಂತು? ಕೂಸಿಗೆ ಯಾವುದೋ ಉಪಕಾರದ ಸಾಲ ಹೊರಿಸಿದ ಹಾಗೆ. ಇನ್ನು ಕೆಲವರು ನನ್ನ ಹೆಂಡತಿಯನ್ನು ಯಶೋದೆ ಅನ್ನುತ್ತಾರೆ. ಯಶೋದೆಯ ಮಗ ಮಥುರೆಗೆ ಹೋದವನು ಮತ್ತೆ ಗೋಕುಲಕ್ಕೆ ಬಂದು ಇರಲಿಲ್ಲ ಅನ್ನೋದು ಹೇಳುವವರಿಗೆ ನೆನಪಿರೋದಿಲ್ಲ. ಅವಳಿಗೆ ನೆನಪಿರುತ್ತೆ. ಸುಮ್ನೆ ನಕ್ಕು ಕಾಫಿ ಕೊಡುತ್ತಾಳೆ.

ಎರಡು ವರ್ಷದಲ್ಲಿ ಆರು ವರದಿ ಕಳಿಸಬೇಕಿತ್ತು. ಮೊದಲ ವರ್ಷ ಮೂರು ತಿಂಗಳಿಗೊಂದು, ಆಮೇಲೆ ಆರು ತಿಂಗಳಿಗೊಂದು. ಕೊನೆಯದು 2025ರ ಶುರುವಿನಲ್ಲಿ ಹೋಯಿತು. ಪ್ರತಿ ವರದಿಯ ಜೊತೆ ಫೋಟೋ ಇಡಬೇಕು. ಅದನ್ನು ಆಯಾಗೂ ತೋರಿಸಿ ಅಂತ ಪ್ರತಿ ಸಲ ಒಂದು ಚೀಟಿ ಬರೆದು ಇಟ್ಟೆವು. ನಿಯಮದಲ್ಲಿ ಅದಕ್ಕೆ ಜಾಗವಿಲ್ಲ. ತೋರಿಸಿದರಂತೆ.

ಕೂಸಿಗೆ ಈಗ ನಾಲ್ಕು ವರ್ಷ ದಾಟಿದೆ. ನನ್ನ ಹೆಗಲಿನ ಮೇಲೆಯೇ ಇರುತ್ತಾಳೆ, ಗಡ್ಡ ಎಳೆಯುತ್ತಾಳೆ. ಕಲಬುರಗಿಯ ಮಾತು ಹೋಯಿತು. ಹೋಗಬಾರದು ಅಂತ ನಾವು ಏನೇನೋ ಮಾಡಿದೆವು, ಬ್ಯಾಳಿ ಅಂದೆವು, ಯವ್ವಾ ಅಂದೆವು. ಆದರೆ ನಾವು ಆಡುವ ಭಾಷೆ ಅದಲ್ಲ ಅಂತ ಮಕ್ಕಳಿಗೆ ಬೇಗ ಗೊತ್ತಾಗುತ್ತೆ. ಈಗ ಅವಳದು ಚನ್ನರಾಯಪಟ್ಟಣದ ಕನ್ನಡ, ಅದಕ್ಕೆ ಕ್ಯಾರಿಯ ಇಂಗ್ಲಿಷಿನ ಒಗ್ಗರಣೆ. ರೊಟ್ಟಿ ಮಾತ್ರ ಉಳಿದಿದೆ. ನನ್ನ ಹೆಂಡತಿ ಯೂಟ್ಯೂಬ್ ನೋಡಿ ತಟ್ಟಲು ಕಲಿತಿದ್ದಾಳೆ. ವಾರಕ್ಕೆ ಎರಡು ದಿನ ಅಡುಗೆಮನೆಯಿಂದ ಪಟಪಟ ಸದ್ದು ಬಂದರೆ ಕೂಸು ಎಲ್ಲಿದ್ದರೂ ಓಡಿ ಬರುತ್ತಾಳೆ. ಕೌದಿ ಅವಳ ಮಂಚದ ಮೇಲಿದೆ. ಅದನ್ನು ಮತ್ತೆ ಯಾರೂ ತೊಳೆದಿಲ್ಲ. ಈಗ ಅದಕ್ಕೆ ನಮ್ಮ ಮನೆಯದೇ ವಾಸನೆ.

ಮೊನ್ನೆ ಪ್ರೀಸ್ಕೂಲ್ ಟೀಚರ್ ನನ್ನನ್ನು ಪಕ್ಕಕ್ಕೆ ಕರೆದರು. ಒಂದು ಪದದ ಅರ್ಥ ಕೇಳಬೇಕು, ಗೂಗಲ್‌ನಲ್ಲಿ ಹೇಗೆ ಹುಡುಕಬೇಕೋ ಗೊತ್ತಾಗಲಿಲ್ಲ ಅಂದರು. ಊಟದ ಹೊತ್ತಿಗೆ ಬ್ರಾಕಲಿ ಕೊಟ್ಟರೆ ನಿಮ್ಮ ಮಗಳು ತಟ್ಟೆ ತಳ್ಳಿ ಏನೋ ಹೇಳುತ್ತಾಳೆ, ಈಗ ಟೇಬಲ್ಲಿನ ಮಕ್ಕಳೆಲ್ಲ ಅದನ್ನೇ ಹೇಳಲು ಕಲಿತಿದ್ದಾರೆ, ಇಡೀ ಕ್ಲಾಸು ಒಟ್ಟಿಗೆ. ಕಿಟಕಿಯಿಂದ ನೋಡಿದೆ. ಚಿಕ್ಕ ಕುರ್ಚಿಗಳಲ್ಲಿ ಎಂಟು ಮಕ್ಕಳು, ಒಬ್ಬ ಹೊಂಬಣ್ಣದ ಕೂದಲಿನ ಹುಡುಗ ತಟ್ಟೆಯನ್ನು ಎರಡೂ ಕೈಯಿಂದ ಮುಂದಕ್ಕೆ ತಳ್ಳಿ, ಕೂಸಿನ ಕಡೆ ನೋಡಿ, ಕುತ್ತಿಗೆ ಅಲ್ಲಾಡಿಸಿ ಹೇಳಿದ:

"ಒಲ್ಲೆ!"